ಬೀಗದ ಕೈ ಬಚ್ಚಿಡುವುದೆಲ್ಲಿ?

ಅಲಿಬಾಬಾ ಮತ್ತು ನಲವತ್ತು ಕಳ್ಳರ ಕಥೆ ಗೊತ್ತಿಲ್ಲದವರು ವಿರಳ. ಗುಹೆಯ ಬಾಗಿಲು ತೆರೆಯಲು ಕಳ್ಳರ ನಾಯಕ ಹೇಳುವ ಮಂತ್ರದಂಥ ಮಾತನ್ನು ಮರದ ಮೇಲೆ ಅಡಗಿ ಕುಳಿತ ಅಲಿಬಾಬಾ ಕೇಳಿಸಿಕೊಳ್ಳುತ್ತಾನೆ. ಕಳ್ಳರ ಸಂಪತ್ತು ಅವನ ಪಾಲಾಗುತ್ತದೆ. ಅವನ ಅಣ್ಣ ಕಾಸಿಮ ಅದೇ ಮಾತನ್ನು ಕಲಿತು ಒಳಗೆ ಹೋಗುತ್ತಾನೆ. ಆದರೆ ಚಿನ್ನದ ರಾಶಿ ಕಂಡ ಗಾಬರಿಯಲ್ಲಿ ಆ ಮಾತನ್ನೇ ಮರೆತು, ಬಾಯಿಗೆ ಬಂದ ಧಾನ್ಯಗಳ ಹೆಸರನ್ನೆಲ್ಲ ಕೂಗಿದರೂ ಬಾಗಿಲು ತೆರೆಯದೆ ಕಳ್ಳರ ಕತ್ತಿಗೆ ಬಲಿಯಾಗುತ್ತಾನೆ. ಗುಪ್ತಪದಕ್ಕೆ ಇರುವ ಎರಡು ಅಪಾಯಗಳೂ ಈ ಕಥೆಯಲ್ಲಿವೆ. ಒಂದು, ಅದು ಬೇರೆಯವರ ಕಿವಿಗೆ ಬೀಳುವುದು. ಇನ್ನೊಂದು, ಬೇಕಾದ ಹೊತ್ತಿಗೆ ನಮಗೇ ನೆನಪಾಗದಿರುವುದು.

ಇಂದು ನಮ್ಮ ಮೇಜಿನ ಮೇಲಿನ ಕಂಪ್ಯೂಟರು ಅಂಥ ಹತ್ತಾರು ಗುಹೆಗಳ ಬಾಗಿಲಲ್ಲಿ ನಮ್ಮನ್ನು ನಿಲ್ಲಿಸುತ್ತದೆ. ಬ್ಯಾಂಕಿನ ಖಾತೆಗೊಂದು, ಇ-ಮೇಲಿಗೊಂದು, ರೈಲಿನ ಟಿಕೆಟಿಗೊಂದು, ವಿದ್ಯುತ್ ಬಿಲ್ಲಿಗೊಂದು, ಕಚೇರಿಯ ಕಡತಗಳಿಗೊಂದು ಪಾಸ್‌ವರ್ಡು. ಎಲ್ಲವನ್ನೂ ನೆನಪಿಡಲಾಗದೆ ನಾವು ತಿಣುಕುವ ಹೊತ್ತಿಗೆ ಯಂತ್ರವೇ ವಿನಯದಿಂದ ಕೇಳುತ್ತದೆ: ಇದನ್ನು ನಾನು ನೆನಪಿಟ್ಟುಕೊಳ್ಳಲೇ? ನಾವು ಹೂಂ ಎನ್ನುತ್ತೇವೆ. ಹಾಗೆ ಹೂಂ ಎಂದ ಮೇಲೆ ಆ ಗುಟ್ಟನ್ನು ಅದು ಎಲ್ಲಿ ಬರೆದಿಟ್ಟುಕೊಂಡಿತು, ಹೇಗೆ ಬರೆದಿಟ್ಟುಕೊಂಡಿತು, ಆ ಬರಹವನ್ನು ಇನ್ಯಾರು ಓದಬಲ್ಲರು ಎಂದು ಕೇಳುವವರು ಕಡಿಮೆ. ಕಂಪ್ಯೂಟರ್ ವಿಜ್ಞಾನಿಗಳು ಮಾತ್ರ ಈ ಪ್ರಶ್ನೆಯನ್ನು ಅರವತ್ತು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಅವರು ಕಂಡುಕೊಂಡ ಉತ್ತರಗಳು, ಪ್ರತಿ ಉತ್ತರದ ಬೆನ್ನಿಗೇ ಬಿದ್ದ ಪೆಟ್ಟುಗಳು ಎರಡೂ ಸೇರಿ ಒಂದು ಸ್ವಾರಸ್ಯದ ಇತಿಹಾಸವಾಗಿದೆ.

ಮೊದಲ ಪಾಸ್‌ವರ್ಡು, ಮೊದಲ ಕಳವು

ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಎಂಐಟಿಯಲ್ಲಿ, 1961ರ ನವೆಂಬರಿನಲ್ಲಿ ಫರ್ನಾಂಡೊ ಕಾರ್ಬಟೋ ಮತ್ತು ಅವರ ಸಂಗಡಿಗರು ಒಂದು ಹೊಸ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಅದರ ಹೆಸರು ಸಿಟಿಎಸ್‌ಎಸ್. ಅಲ್ಲಿಯವರೆಗೆ ಒಂದು ಕಂಪ್ಯೂಟರು ಒಂದು ಹೊತ್ತಿಗೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿತ್ತು. ಈಗ ಹಲವರು ಬೆರಳಚ್ಚು ಯಂತ್ರದಂಥ ಸಾಧನಗಳ ಮುಂದೆ ಕುಳಿತು ಒಂದೇ ದೊಡ್ಡ ಯಂತ್ರವನ್ನು ಏಕಕಾಲಕ್ಕೆ ಹಂಚಿಕೊಳ್ಳುವಂತಾಯಿತು. ಒಂದೇ ಛತ್ರದಲ್ಲಿ ಹಲವರು ಇಳಿದುಕೊಂಡ ಮೇಲೆ ಪ್ರತಿಯೊಬ್ಬರ ಪೆಟ್ಟಿಗೆಗೂ ಬೀಗ ಬೇಕಲ್ಲ? ಅದಕ್ಕಾಗಿ ಪ್ರತಿ ಬಳಕೆದಾರನಿಗೂ ಒಂದು ಪಾಸ್‌ವರ್ಡ್ ಕೊಟ್ಟರು. ಕಂಪ್ಯೂಟರಿನಲ್ಲಿ ಪಾಸ್‌ವರ್ಡು ಬಳಕೆಗೆ ಬಂದ ಮೊದಮೊದಲ ಸಂದರ್ಭಗಳಲ್ಲಿ ಇದೊಂದು.

ಆ ಪಾಸ್‌ವರ್ಡುಗಳೆಲ್ಲ ಯಂತ್ರದ ಒಂದು ಕಡತದಲ್ಲಿ, ಬರೆದದ್ದು ಬರೆದಂತೆಯೇ, ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿದ್ದವು. ಆ ಕಡತದ ಮೇಲೆ ಯಾರ ಕಣ್ಣೂ ಬೀಳದಂತೆ ನೋಡಿಕೊಂಡರೆ ಸಾಕು ಎಂಬುದು ಆಗಿನ ನಂಬಿಕೆ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆ ಮಾತ್ರ ಯಂತ್ರದ ಸಮಯ ಸಿಗುತ್ತಿತ್ತು. ಪ್ರಬಂಧದ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. 1962ರಲ್ಲಿ ಅವರೊಂದು ಉಪಾಯ ಕಂಡುಕೊಂಡರು. ಕಡತಗಳನ್ನು ಮುದ್ರಿಸಿಕೊಡಿ ಎಂದು ರಂಧ್ರಪತ್ರದಲ್ಲಿ ಕೋರಿಕೆ ಸಲ್ಲಿಸುವ ಸೌಲಭ್ಯವಿತ್ತು. ಶೆರ್ ಪಾಸ್‌ವರ್ಡ್ ಕಡತದ ಹೆಸರನ್ನೇ ಬರೆದು ಕೊಟ್ಟರು. ಯಂತ್ರ ಚಾಚೂ ತಪ್ಪದೆ ಎಲ್ಲರ ಪಾಸ್‌ವರ್ಡುಗಳನ್ನೂ ಅಚ್ಚುಹಾಕಿ ಕೊಟ್ಟಿತು! ಎಷ್ಟೋ ವರ್ಷಗಳ ನಂತರ ಶೆರ್ ಅವರೇ ಈ ಪ್ರಸಂಗವನ್ನು ಬಹಿರಂಗಪಡಿಸಿದರು.

ಅದೇ ವ್ಯವಸ್ಥೆಯಲ್ಲಿ 1966ರಲ್ಲಿ ಇನ್ನೊಂದು ಅವಾಂತರ ನಡೆಯಿತು. ಒಬ್ಬ ನಿರ್ವಾಹಕರು ಪಾಸ್‌ವರ್ಡ್ ಕಡತವನ್ನು ತಿದ್ದುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಬಳಕೆದಾರರಿಗೆ ತೋರಿಸುವ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿದ್ದರಿಂದ ಅವು ಅದಲುಬದಲಾದವು. ಯಂತ್ರದೊಳಗೆ ಪ್ರವೇಶಿಸಿದ ಪ್ರತಿಯೊಬ್ಬರಿಗೂ ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಕಾಣಿಸಿತು. ಇಲ್ಲಿ ಕಳ್ಳನೂ ಇರಲಿಲ್ಲ, ಕೆಟ್ಟ ಉದ್ದೇಶವೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಕಾರ್ಬಟೋ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಬಂದಾಗ ಮಾಡಿದ ಭಾಷಣದಲ್ಲಿ ಅವರು ಈ ಘಟನೆಯನ್ನು ಮರೆಯದೆ ನೆನೆದರು. ಗುಟ್ಟನ್ನು ಬರೆದಿಟ್ಟ ಪುಸ್ತಕವನ್ನು ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ಒಂದಲ್ಲ ಒಂದು ದಿನ ಅದು ತೆರೆದುಕೊಳ್ಳುತ್ತದೆ ಎಂಬ ಪಾಠ ಅದರಲ್ಲಿತ್ತು.

ರುಬ್ಬಿದ ಹಿಟ್ಟು ಕಾಳಾಗದು

ಹಾಗಾದರೆ ಗುಟ್ಟನ್ನು ಬರೆದೇ ಇಡದಿದ್ದರೆ ಹೇಗೆ? ಈ ಯೋಚನೆ ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಟೈಟನ್ ಎಂಬ ಕಂಪ್ಯೂಟರಿನ ಕೆಲಸದಲ್ಲಿದ್ದ ರೋಜರ್ ನೀಡಮ್ ಒಂದು ಜಾಣ ಉಪಾಯ ಹೂಡಿದರು. ಅವರ ಹಿರಿಯ ಸಹೋದ್ಯೋಗಿ ಮಾರಿಸ್ ವಿಲ್ಕ್ಸ್ ಅದನ್ನು 1968ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಉಪಾಯ ಇಷ್ಟೇ. ಬಳಕೆದಾರ ಕೊಟ್ಟ ಪಾಸ್‌ವರ್ಡನ್ನು ಒಂದು ಗಣಿತದ ಒರಳಿಗೆ ಹಾಕಿ ರುಬ್ಬುವುದು. ಕಾಳು ರುಬ್ಬಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ಮತ್ತೆ ಕಾಳು ಬರುವುದಿಲ್ಲ. ಯಂತ್ರ ಹಿಟ್ಟನ್ನು ಮಾತ್ರ ಇಟ್ಟುಕೊಂಡು ಕಾಳನ್ನು ಎಸೆದುಬಿಡುತ್ತದೆ. ಮರುದಿನ ಬಳಕೆದಾರ ಬಂದು ಪಾಸ್‌ವರ್ಡ್ ಹೇಳಿದಾಗ ಅದನ್ನೂ ಅದೇ ಒರಳಿನಲ್ಲಿ ರುಬ್ಬಿ, ಹೊಸ ಹಿಟ್ಟು ಹಳೆಯ ಹಿಟ್ಟಿಗೆ ಹೊಂದುತ್ತದೆಯೇ ಎಂದು ನೋಡುತ್ತದೆ. ಹೊಂದಿದರೆ ಬಾಗಿಲು ತೆರೆಯುತ್ತದೆ. ಕಡತವನ್ನು ಕದ್ದವನಿಗೆ ಸಿಗುವುದು ಹಿಟ್ಟು ಮಾತ್ರ. ಬಾಗಿಲು ಕಾಯುವವನಿಗೆ ಗುಟ್ಟು ಗೊತ್ತಿರಬೇಕಾಗಿಲ್ಲ, ಗುಟ್ಟು ಬಲ್ಲವನನ್ನು ಗುರುತಿಸಲು ಬಂದರೆ ಸಾಕು. ಇದು ಇಡೀ ಕಥೆಯ ಮೊದಲ ದೊಡ್ಡ ಹೆಜ್ಜೆ.

ಈ ಹೆಜ್ಜೆಯನ್ನು ಮುಂದುವರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟುತ್ತಿದ್ದ ತಂಡದವರು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಇಂದಿಗೂ ಓದಬೇಕಾದದ್ದು. ಅವರು 3,289 ಪಾಸ್‌ವರ್ಡುಗಳನ್ನು ಸಂಗ್ರಹಿಸಿ ನೋಡಿದಾಗ 2,831, ಅಂದರೆ ಶೇಕಡಾ 86ರಷ್ಟು, ಸುಲಭವಾಗಿ ಊಹಿಸಬಹುದಾದವಾಗಿದ್ದವು. ಕೆಲವು ಒಂದೇ ಅಕ್ಷರದವು, ಕೆಲವು ಎರಡು ಮೂರು ಅಕ್ಷರದವು, ಇನ್ನು ಕೆಲವು ನಿಘಂಟಿನಲ್ಲಿ ಸಿಗುವ ಪದಗಳು. ಹಿಟ್ಟಿನಿಂದ ಕಾಳು ಬಾರದಿರಬಹುದು. ಆದರೆ ಕಳ್ಳ ತನ್ನ ಮನೆಯಲ್ಲೇ ಕುಳಿತು ಸಾವಿರ ಬಗೆಯ ಕಾಳನ್ನು ರುಬ್ಬಿ, ಯಾವ ಹಿಟ್ಟು ಹೊಂದುತ್ತದೆ ಎಂದು ನೋಡುವುದನ್ನು ತಡೆಯುವವರಾರು?

ಅದಕ್ಕೆ ಅವರು ಎರಡು ಮದ್ದು ಮಾಡಿದರು. ಮೊದಲನೆಯದು, ಒರಳನ್ನು ಬೇಕೆಂದೇ ನಿಧಾನ ಮಾಡಿದ್ದು. ರುಬ್ಬುವ ಲೆಕ್ಕವನ್ನು 25 ಸಲ ಮಾಡಿಸಿದರು. ಒಂದು ಸಲ ಪ್ರವೇಶಿಸುವ ನಿಜವಾದ ಬಳಕೆದಾರನಿಗೆ ಈ ವಿಳಂಬ ತಿಳಿಯುವುದೇ ಇಲ್ಲ. ಲಕ್ಷ ಸಲ ಪ್ರಯತ್ನಿಸುವ ಕಳ್ಳನಿಗೆ ಅದು ಭಾರ. ಎರಡನೆಯದಕ್ಕೆ ಅವರು ಇಟ್ಟ ಹೆಸರು ಉಪ್ಪು! ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸಿ ರುಬ್ಬಿದರೆ, ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ಅವರ ಹಿಟ್ಟು ಬೇರೆ ಬೇರೆಯಾಗುತ್ತದೆ. ಅವರ ಏರ್ಪಾಟಿನಲ್ಲಿ 4,096 ಬಗೆಯ ಉಪ್ಪು ಸಾಧ್ಯವಿತ್ತು. ನಿಘಂಟನ್ನೆಲ್ಲ ಮೊದಲೇ ರುಬ್ಬಿಟ್ಟುಕೊಂಡು ಹೊಂದಿಸಿ ನೋಡುವ ಕಳ್ಳನ ಕೆಲಸ ಅಷ್ಟು ಪಾಲು ಹೆಚ್ಚಿತು.

ತಂದೆ ಕಟ್ಟಿದ ಗೋಡೆ, ಮಗ ಹಾರಿದ ಗೋಡೆ

ಇತಿಹಾಸದ ವಿನೋದ ನೋಡಿ. ಆ ರಾಬರ್ಟ್ ಮಾರಿಸ್ ಮುಂದೆ ಅಮೆರಿಕ ಸರ್ಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿಯಾದರು. 1988ರ ನವೆಂಬರ್ 2ರ ರಾತ್ರಿ ಅಂತರ್ಜಾಲದಲ್ಲಿ ತಾನೇ ತಾನಾಗಿ ಹರಡುವ ಒಂದು ತಂತ್ರಾಂಶ ಕಾಣಿಸಿಕೊಂಡಿತು. ಸುಮಾರು ಆರು ಸಾವಿರ ಯಂತ್ರಗಳು ಅದಕ್ಕೆ ಸಿಕ್ಕಿ ಕುಂಟಿದವು ಎಂದು ಆಗ ಅಂದಾಜು ಮಾಡಲಾಯಿತು. ಅದನ್ನು ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪನ್ ಮಾರಿಸ್. ಈ ವಿಜ್ಞಾನಿಯ ಮಗ!

ಆ ತಂತ್ರಾಂಶ ಹಲವು ದಾರಿಗಳಿಂದ ಯಂತ್ರದೊಳಗೆ ನುಸುಳುತ್ತಿತ್ತು. ಅವುಗಳಲ್ಲೊಂದು ಪಾಸ್‌ವರ್ಡಿನ ಊಹೆ. ಯೂನಿಕ್ಸ್ ಯಂತ್ರಗಳಲ್ಲಿ ರುಬ್ಬಿದ ಪಾಸ್‌ವರ್ಡುಗಳ ಕಡತವನ್ನು ಆಗ ಯಾರು ಬೇಕಾದರೂ ಓದಬಹುದಾಗಿತ್ತು. ಏಕೆಂದರೆ ಅದೇ ಕಡತದಲ್ಲಿ ಬಳಕೆದಾರರ ಹೆಸರು ಮೊದಲಾದ, ಇತರ ತಂತ್ರಾಂಶಗಳಿಗೆ ಬೇಕಾದ ವಿವರಗಳೂ ಇದ್ದವು. ಕಿರಿಯ ಮಾರಿಸನ ತಂತ್ರಾಂಶ ಮೊದಲು ಬಳಕೆದಾರನ ಹೆಸರನ್ನೇ ಪ್ರಯತ್ನಿಸುತ್ತಿತ್ತು, ಆಮೇಲೆ ಅದನ್ನು ತಿರುಗಿಸಿ ನೋಡುತ್ತಿತ್ತು, ನಂತರ ತನ್ನೊಳಗಿದ್ದ 432 ಪದಗಳ ಪಟ್ಟಿಯನ್ನು ಒಂದೊಂದಾಗಿ ರುಬ್ಬಿ ನೋಡುತ್ತಿತ್ತು. ಒಂಬತ್ತು ವರ್ಷ ಹಿಂದೆ ತಂದೆ ಬರೆದು ಎಚ್ಚರಿಸಿದ್ದ ದೌರ್ಬಲ್ಯವನ್ನೇ ಮಗ ಬಳಸಿಕೊಂಡಿದ್ದ. ನ್ಯಾಯಾಲಯ 1990ರಲ್ಲಿ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ ದಂಡ ಹಾಗೂ ಸಮಾಜಸೇವೆಯ ಶಿಕ್ಷೆ ವಿಧಿಸಿತು. ಮುಂದೆ ಆತ ಎಂಐಟಿಯಲ್ಲಿಯೇ ಪ್ರಾಧ್ಯಾಪಕರಾದರು.

ಈ ಪೆಟ್ಟಿನ ನಂತರ ರುಬ್ಬಿದ ಹಿಟ್ಟನ್ನೂ ಸಾರ್ವಜನಿಕ ಕಡತದಿಂದ ತೆಗೆದು, ನಿರ್ವಾಹಕನೊಬ್ಬನೇ ಓದಬಹುದಾದ ಇನ್ನೊಂದು ಕಡತದಲ್ಲಿಡುವ ಪದ್ಧತಿ ವ್ಯಾಪಕವಾಯಿತು. ಅದನ್ನು 'ನೆರಳು ಕಡತ' ಎಂದು ಕರೆದರು. ಯಂತ್ರಗಳ ವೇಗ ಹೆಚ್ಚಿದಂತೆ ಒರಳಿನ ನಿಧಾನವನ್ನೂ ಹೆಚ್ಚಿಸಿಕೊಳ್ಳಲು ಬರುವಂಥ ಹೊಸ ಲೆಕ್ಕವನ್ನು 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೇರ್ ರೂಪಿಸಿದರು. ಹಳೆಯ ಒರಳು ಕಾಲಕ್ಕೆ ಹೇಗೆ ಸೋಲುತ್ತದೆ ಎಂಬುದಕ್ಕೆ ಒಂದು ನಿದರ್ಶನ 2019ರಲ್ಲಿ ಸಿಕ್ಕಿತು. ಯೂನಿಕ್ಸಿನ ಹಳೆಯ ಕಡತಗಳಲ್ಲಿ ಉಳಿದಿದ್ದ ಥಾಂಪ್ಸನ್ ಅವರದೇ ಪಾಸ್‌ವರ್ಡನ್ನು ಆಸಕ್ತರು ಆಧುನಿಕ ಯಂತ್ರದಿಂದ ಕೆಲವೇ ದಿನಗಳಲ್ಲಿ ಒಡೆದು ತೆಗೆದರು. ಅದು ಎಂಟು ಚಿಹ್ನೆಗಳಲ್ಲಿ ಬರೆದ ಚದುರಂಗದ ಒಂದು ನಡೆ: ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದಿಡುವುದು. ಅವರ ಕಾಲದ ಯಂತ್ರಗಳಿಗೆ ಮುಟ್ಟಲಾಗದ್ದು ನಾಲ್ಕು ದಶಕಗಳಲ್ಲಿ ಹೀಗೆ ಕೈಗೆಟುಕಿತು.

ಗುಟ್ಟಿನ ಬದಲು ಚೀಟಿ

ಇಲ್ಲಿಯವರೆಗೆ ನಾವು ನೋಡಿದ್ದು ಬಾಗಿಲು ಕಾಯುವವನ ಪಾಡು. ಬಾಗಿಲು ತಟ್ಟುವವನ ಪಾಡು ಬೇರೆ. ಒಂದು ಬಾಗಿಲಾದರೆ ಸರಿ. ಹತ್ತು ಬಾಗಿಲುಗಳಾದರೆ ಹತ್ತು ಸಲ ಪಾಸ್‌ವರ್ಡ್ ಹೇಳುತ್ತಾ ಕೂರುವುದು ಹೇಗೆ?

ಎಂಐಟಿಯಲ್ಲಿ 1983ರಲ್ಲಿ ಅಥೀನಾ ಎಂಬ ಯೋಜನೆ ಆರಂಭವಾಯಿತು. ವಿದ್ಯಾರ್ಥಿಗಳು ಯಾವ ಕೊಠಡಿಯ ಯಾವ ಕಂಪ್ಯೂಟರಿನ ಮುಂದೆ ಬೇಕಾದರೂ ಕುಳಿತು ತಮ್ಮ ಕಡತ, ಅಂಚೆ, ಮುದ್ರಣ ಎಲ್ಲವನ್ನೂ ಪಡೆಯುವಂತಾಗಬೇಕು ಎಂಬುದು ಅದರ ಗುರಿ. ಈ ಯೋಜನೆಯಲ್ಲಿ ಕೆರ್ಬೆರಾಸ್ ಎಂಬ ವ್ಯವಸ್ಥೆ ಹುಟ್ಟಿತು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು. ಅದರ ತಳಹದಿ, ನಮ್ಮ ಕೇಂಬ್ರಿಜ್ಜಿನ ನೀಡಮ್ ಅವರು ಮೈಕೆಲ್ ಶ್ರೋಡರ್ ಜೊತೆ 1978ರಲ್ಲಿ ಪ್ರಕಟಿಸಿದ ಇನ್ನೊಂದು ಯೋಚನೆ. ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಕೇಂದ್ರ ಯಂತ್ರ ಒಂದು ಚೀಟಿ ಕೊಡುತ್ತದೆ. ಮೇಜಿನ ಮೇಲಿನ ಯಂತ್ರ ಪಾಸ್‌ವರ್ಡನ್ನು ಅಲ್ಲಿಗೇ ಮರೆತು, ಚೀಟಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಉಳಿದ ಬಾಗಿಲುಗಳಲ್ಲಿ ಆ ಚೀಟಿಯ ಬಲದಿಂದಲೇ ಪ್ರವೇಶ. ಆಗಿನ ಏರ್ಪಾಟಿನಲ್ಲಿ ಚೀಟಿಯ ಆಯುಷ್ಯ ಎಂಟು ಗಂಟೆ. ಕದ್ದವನಿಗೂ ಅದು ಸಂಜೆಯ ಹೊತ್ತಿಗೆ ಹಳೆಯ ಬಸ್ ಟಿಕೆಟ್ಟು.

ಹೀಗೆ ಸ್ವಲ್ಪ ಕಾಲಕ್ಕೆಂದು ಹತ್ತಿರ ಇಟ್ಟುಕೊಳ್ಳುವುದಕ್ಕೆ ಕಂಪ್ಯೂಟರಿನವರು 'ಕ್ಯಾಶ್' ಎನ್ನುತ್ತಾರೆ. ಹಣದ ಕ್ಯಾಶ್ ಅಲ್ಲ ಇದು. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಮಾತು. ಯೂನಿಕ್ಸ್ ಮತ್ತು ಅದರ ಬಳಗದ ಲಿನಕ್ಸ್ ಯಂತ್ರಗಳಲ್ಲಿ ನಿರ್ವಾಹಕನ ಅಧಿಕಾರವನ್ನು ಸಾಮಾನ್ಯ ಬಳಕೆದಾರನಿಗೆ ಕ್ಷಣಮಟ್ಟಿಗೆ ಕೊಡುವ 'ಸುಡೂ' ಎಂಬ ತಂತ್ರಾಂಶ ಇದರ ಇನ್ನೊಂದು ಮಾದರಿ. ಅದು 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫೆಲೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಅದು ಕೆಲವು ನಿಮಿಷ ಮತ್ತೆ ಕೇಳುವುದಿಲ್ಲ. ಹಾಗೆಂದು ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳುವುದೂ ಇಲ್ಲ. ಇಂಥವರು ಇಷ್ಟು ಹೊತ್ತಿಗೆ ಸರಿಯಾದ ಪಾಸ್‌ವರ್ಡ್ ಹೇಳಿದ್ದಾರೆ ಎಂಬ ಹೊತ್ತನ್ನು ಮಾತ್ರ ಗುರುತು ಹಾಕಿಕೊಳ್ಳುತ್ತದೆ. ಕದಿಯುವುದಕ್ಕೆ ಅಲ್ಲಿ ಪಾಸ್‌ವರ್ಡೇ ಇಲ್ಲ.

ಮೇಜಿನ ಮೇಲಿನ ಪಾರುಪತ್ಯಗಾರ

ಆದರೆ ಎಲ್ಲ ಬಾಗಿಲುಗಳೂ ಚೀಟಿಯನ್ನು ಒಪ್ಪುವುದಿಲ್ಲ. ತೊಂಬತ್ತರ ದಶಕದಲ್ಲಿ ಮೇಜಿನ ಮೇಲಿನ ಕಂಪ್ಯೂಟರುಗಳು ಜಾಲಕ್ಕೆ ಸೇರಿಕೊಂಡಾಗ ಈ ತೊಡಕು ಎದುರಾಯಿತು. ಅಂಚೆಯ ಯಂತ್ರ, ಕಚೇರಿಯ ಕಡತ ಯಂತ್ರ, ಆಮೇಲೆ ಬಂದ ನೂರಾರು ಜಾಲತಾಣಗಳು, ಎಲ್ಲವೂ ಪಾಸ್‌ವರ್ಡನ್ನೇ ಕೇಳುತ್ತವೆ. ಅವುಗಳ ಮುಂದೆ ನಮ್ಮ ಪರವಾಗಿ ನಿಂತು ಮಾತಾಡಬೇಕಾದ ನಮ್ಮ ಯಂತ್ರ ದ್ವಾರಪಾಲಕನಲ್ಲ, ಪಾರುಪತ್ಯಗಾರ. ದ್ವಾರಪಾಲಕನಿಗೆ ಹಿಟ್ಟು ಸಾಕು. ಪಾರುಪತ್ಯಗಾರನಿಗೆ ಕಾಳೇ ಬೇಕು, ಏಕೆಂದರೆ ಅವನು ಅದನ್ನು ಇನ್ನೊಂದು ಬಾಗಿಲಿನಲ್ಲಿ ಇದ್ದಂತೆ ಒಪ್ಪಿಸಬೇಕು. ನೀಡಮ್ ಕಲಿಸಿದ ಪಾಠ ಇಲ್ಲಿ ಕೆಲಸಕ್ಕೆ ಬಾರದು. ಕಾರ್ಬಟೋ ಅವರ ಹಳೆಯ ಸಮಸ್ಯೆಯೇ, ಅಂದರೆ ಗುಟ್ಟುಗಳ ಪುಸ್ತಕವೇ, ಈಗ ಪ್ರತಿ ಮನೆಯ ಮೇಜಿನ ಮೇಲೆ ಮರುಹುಟ್ಟು ಪಡೆಯಿತು.

ಪುಸ್ತಕವನ್ನು ಗೂಢಲಿಪಿಯಲ್ಲಿ ಬರೆಯಬಹುದು. ಆದರೆ ಗೂಢಲಿಪಿಯನ್ನು ಬಿಡಿಸಲು ಒಂದು ಕೀಲಿಕೈ ಬೇಕು. ಆ ಕೀಲಿಕೈಯನ್ನು ಅದೇ ಯಂತ್ರದಲ್ಲಿಟ್ಟರೆ, ಮನೆಗೆ ಬೀಗ ಹಾಕಿ ಕೈಯನ್ನು ತುಳಸಿಕಟ್ಟೆಯ ಸಂದಿಯಲ್ಲಿಟ್ಟ ಹಾಗೆ. ಊರಿನ ಕಳ್ಳನಿಗೆ ಮೊದಲು ಹೊಳೆಯುವ ಜಾಗವೇ ಅದು. ಯಂತ್ರದಿಂದ ಹೊರಗಿರುವ ಜಾಗವೆಂದರೆ ಮನುಷ್ಯನ ತಲೆ. ನೂರು ಪಾಸ್‌ವರ್ಡುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಒಂದೇ ಕೀಲಿಕೈಯನ್ನು ತಲೆಯಲ್ಲಿಟ್ಟುಕೊಳ್ಳುವುದು. ಕೆಲಸ ಮಾಡುವಷ್ಟು ಹೊತ್ತು ಪೆಟ್ಟಿಗೆ ತೆರೆದಿರುವುದು, ಎದ್ದು ಹೋದಾಗ ಮುಚ್ಚುವುದು. ಎಲ್ಲ ಮೇಜು ಕಂಪ್ಯೂಟರುಗಳೂ ಕೊನೆಗೆ ಬಂದು ಸೇರಿದ ಉತ್ತರ ಇದೇ.

ಉತ್ತರ ಸರಿಯಾಗಿದ್ದರೂ ಕೆಲಸಗಾರಿಕೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ವಿಂಡೋಸ್ 95 ತೋರಿಸಿತು. 1995ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂದ ಅದು ಬಳಕೆದಾರನ ಜಾಲದ ಪಾಸ್‌ವರ್ಡುಗಳನ್ನು ಒಂದು ವಿಶೇಷ ಕಡತದಲ್ಲಿ ಗೂಢಲಿಪಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಕೀಲಿಕೈ ತಯಾರಾಗುತ್ತಿದ್ದುದು ಬಳಕೆದಾರನ ಪ್ರವೇಶ ಪಾಸ್‌ವರ್ಡಿನಿಂದಲೇ. ಆದರೆ ಅದನ್ನು 32 ಬಿಟ್‌ಗಳಿಗೆ ಮೊಟಕುಗೊಳಿಸಿದ್ದರು. ಹಾಗೆಂದರೆ ಸಾಧ್ಯವಿದ್ದ ಕೀಲಿಕೈಗಳು ಸುಮಾರು 430 ಕೋಟಿ. ಮನುಷ್ಯರಿಗೆ ಅದು ದೊಡ್ಡ ಸಂಖ್ಯೆ, ಕಂಪ್ಯೂಟರಿಗೆ ಅಲ್ಲ. ವರ್ಷ ಮುಗಿಯುವುದರೊಳಗೆ ಆ ಗೂಢಲಿಪಿಯನ್ನು ಒಡೆಯುವ ಬಗೆ ಬಹಿರಂಗವಾಯಿತು. ಮೈಕ್ರೋಸಾಫ್ಟ್ ಸಂಸ್ಥೆ ಕೀಲಿಕೈಯನ್ನು 128 ಬಿಟ್‌ಗೆ ಹೆಚ್ಚಿಸಿದ ತಿದ್ದುಪಡಿಯನ್ನು ಹೊರತರಬೇಕಾಯಿತು.

ಆಪಲ್ ಕಂಪನಿ ತೊಂಬತ್ತರ ದಶಕದ ಆರಂಭದಲ್ಲಿ ತನ್ನ ಅಂಚೆ ವ್ಯವಸ್ಥೆಯೊಂದಕ್ಕಾಗಿ 'ಕೀಚೈನ್', ಅಂದರೆ ಬೀಗದ ಕೈಗಳ ಗೊಂಚಲು, ಎಂಬ ಏರ್ಪಾಟನ್ನು ಮಾಡಿತ್ತು. ಆ ಅಂಚೆ ವ್ಯವಸ್ಥೆ ಮೂಲೆ ಸೇರಿದರೂ ಗೊಂಚಲು ಉಳಿಯಿತು. 1999ರ ಮ್ಯಾಕ್ ಓಎಸ್ 9ರಲ್ಲಿ ಮತ್ತೆ ಕಾಣಿಸಿಕೊಂಡಿತು. ನಮ್ಮ ಹಳೆಯ ಮನೆಗಳಲ್ಲಿ ಕೈಗೊಂಚಲನ್ನು ಸೆರಗಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ಹಿರಿಯ ಹೆಂಗಸರಿಗೆ ಈ ಹೆಸರು ತಕ್ಷಣ ಅರ್ಥವಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಗೂಢಲಿಪಿ ತಜ್ಞ ಬ್ರೂಸ್ ಶ್ನೈಯರ್ 'ಪಾಸ್‌ವರ್ಡ್ ಸೇಫ್' ಎಂಬ ತಿಜೋರಿ ತಂತ್ರಾಂಶವನ್ನು ಕೊಟ್ಟರು. ವಿಂಡೋಸ್ 2000 ಪ್ರವೇಶ ಪಾಸ್‌ವರ್ಡನ್ನೇ ಆಧಾರವಾಗಿಟ್ಟುಕೊಂಡು ಎಲ್ಲ ತಂತ್ರಾಂಶಗಳಿಗೂ ಗುಟ್ಟು ಕಾಯುವ ಸೇವೆ ಒದಗಿಸಿತು. 2004ರ ಹೊತ್ತಿಗೆ ಲಿನಕ್ಸ್ ಮೇಜುಗಳಲ್ಲಿ ಕೆಡಿಇ ಬಳಗದ 'ವಾಲೆಟ್' ಮತ್ತು ಗ್ನೋಮ್ ಬಳಗದ 'ಕೀರಿಂಗ್' ಬಂದವು.

ಈ ಹಾದಿಯನ್ನು ಒಪ್ಪದವರೂ ಇದ್ದರು. ಪಿಜಿನ್ ಎಂಬ ಹರಟೆ ತಂತ್ರಾಂಶವನ್ನು ಬರೆದವರು ಪಾಸ್‌ವರ್ಡುಗಳನ್ನು ಬೇಕೆಂದೇ ಸಾದಾ ಅಕ್ಷರಗಳಲ್ಲಿ ಇಟ್ಟರು. ಕೀಲಿಕೈ ಪಕ್ಕದಲ್ಲೇ ಇರುವ ಗೂಢಲಿಪಿ ಭದ್ರತೆಯಲ್ಲ, ಭದ್ರತೆಯ ಭ್ರಮೆ. ಭ್ರಮೆಯಲ್ಲಿರುವವನು ಎಚ್ಚರ ತಪ್ಪುತ್ತಾನೆ ಎಂಬುದು ಅವರ ವಾದ. 2013ರಲ್ಲಿ ಇಂಥದೇ ಚರ್ಚೆ ಗೂಗಲ್ ಕಂಪನಿಯ ಕ್ರೋಮ್ ಬಗ್ಗೆ ಎದ್ದಿತು. ತೆರೆದ ಯಂತ್ರದ ಮುಂದೆ ಕುಳಿತ ಯಾರು ಬೇಕಾದರೂ ಅದರಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಓದಬಹುದಾಗಿತ್ತು. ಮನೆಯೊಳಗೇ ಬಂದವನನ್ನು ಇನ್ನೊಂದು ಚಿಲಕದಿಂದ ತಡೆಯಲಾಗದು ಎಂದು ತಯಾರಕರು ಹೇಳಿದರು. ನೆರೆಮನೆಯವರೋ ಮಕ್ಕಳೋ ಕುತೂಹಲಕ್ಕೆ ಇಣುಕುವುದನ್ನಾದರೂ ತಡೆಯಬಹುದಲ್ಲ ಎಂದು ಟೀಕಾಕಾರರು ಕೇಳಿದರು. ಎರಡು ಮಾತಿನಲ್ಲೂ ಸತ್ಯವಿದೆ. ಬೀಗ ಯಾವ ಕಳ್ಳನಿಗಾಗಿ ಎಂದು ಮೊದಲು ನಿರ್ಧರಿಸದೆ ಬೀಗದ ಬೆಲೆ ಕಟ್ಟಲಾಗದು.

ತೆರೆದ ಪೆಟ್ಟಿಗೆಯ ಅಪಾಯ

ತಿಜೋರಿಯ ದೊಡ್ಡ ದೌರ್ಬಲ್ಯ ಅದು ಮುಚ್ಚಿರುವಾಗಿನದಲ್ಲ, ತೆರೆದಿರುವಾಗಿನದು. ಕೆಲಸಕ್ಕೆ ಕುಳಿತವನು ಒಮ್ಮೆ ತೆರೆದ ಮೇಲೆ ಗುಟ್ಟು ಯಂತ್ರದ ಸ್ಮೃತಿಯಲ್ಲಿ ಬಿಚ್ಚಿಕೊಂಡಿರುತ್ತದೆ. ಗ್ನೋಮ್ ಕೀರಿಂಗಿನಂಥ ಏರ್ಪಾಟಿನಲ್ಲಿ, ಅದೇ ಬಳಕೆದಾರನ ಹೆಸರಿನಲ್ಲಿ ಓಡುವ ಇನ್ನೊಂದು ತಂತ್ರಾಂಶವೂ ಅದನ್ನು ಕೇಳಿ ಪಡೆಯಬಹುದು. ವಿದ್ಯುತ್ ತೆಗೆದರೆ ಸ್ಮೃತಿ ಅಳಿಸಿಹೋಗುತ್ತದೆ ಎಂಬ ಧೈರ್ಯವೂ ಪೂರ್ತಿ ಸರಿಯಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಮೃತಿಯ ಬಿಲ್ಲೆಗಳನ್ನು ಚೆನ್ನಾಗಿ ತಣ್ಣಗಾಗಿಸಿದರೆ ವಿದ್ಯುತ್ ಹೋದ ಮೇಲೂ ನಿಮಿಷಗಟ್ಟಲೆ ಅದರಲ್ಲಿನ ಕೀಲಿಕೈಗಳನ್ನು ಓದಬಹುದೆಂದು ತೋರಿಸಿದರು.

ಇದಕ್ಕಿಂತ ದೊಡ್ಡ ಪೆಟ್ಟು ಕಾದಿತ್ತು. ಫ್ರಾನ್ಸಿನ ಬೆಂಜಮಿನ್ ಡೆಲ್ಪಿ 2011ರಲ್ಲಿ 'ಮಿಮಿಕಾಟ್ಜ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ವಿಂಡೋಸ್ ಬಳಕೆದಾರನ ಪ್ರವೇಶ ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಸ್ಮೃತಿಯಲ್ಲಿಟ್ಟುಕೊಂಡು, ಅದನ್ನು ಬಿಡಿಸುವ ಕೀಲಿಕೈಯನ್ನೂ ಅದೇ ಸ್ಮೃತಿಯಲ್ಲಿ ಇಟ್ಟುಕೊಂಡಿದೆ ಎಂಬುದನ್ನು ಅದು ಜಗತ್ತಿಗೆ ತೋರಿಸಿತು. ಮತ್ತೆ ಅದೇ ತುಳಸಿಕಟ್ಟೆಯ ಸಂದಿ! ಬಳಕೆದಾರ ಪದೇ ಪದೇ ಪಾಸ್‌ವರ್ಡ್ ಕೊಡಬೇಕಾಗದಿರಲಿ ಎಂಬ ಸೌಕರ್ಯಕ್ಕಾಗಿ ಮಾಡಿದ ಏರ್ಪಾಟು ಅದು. 2013ರ ವಿಂಡೋಸ್ 8.1ರಿಂದ ಈ ಹಳೆಯ ಪದ್ಧತಿಯನ್ನು ಮೊದಲಿನಿಂದಲೇ ನಿಲ್ಲಿಸಿಟ್ಟರು. ಆದರೆ ಹಳೆಯ ಯಂತ್ರಗಳು ಕಚೇರಿಗಳಲ್ಲಿ ಉಳಿದಿದ್ದವು.

2017ರ ಜೂನ್ 27ರಂದು ಯುಕ್ರೇನಿನಲ್ಲಿ ಆರಂಭವಾದ 'ನಾಟ್‌ಪೆಟ್ಯಾ' ದಾಳಿ ಇದೇ ಜಾಡಿನಲ್ಲಿ ಹರಡಿತು. ಒಂದು ಯಂತ್ರದ ಸ್ಮೃತಿಯಲ್ಲಿದ್ದ ಪಾಸ್‌ವರ್ಡನ್ನು ಹೆಕ್ಕಿ, ಅದರಿಂದ ಪಕ್ಕದ ಯಂತ್ರಕ್ಕೆ ಹಾರಿ, ಅಲ್ಲಿಂದ ಮತ್ತೊಂದಕ್ಕೆ. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್‌ನ ಕಚೇರಿಗಳು ಸ್ತಬ್ಧವಾದವು. ನಷ್ಟ 20ರಿಂದ 30 ಕೋಟಿ ಡಾಲರ್ ಆಗಬಹುದೆಂದು ಆ ಸಂಸ್ಥೆಯೇ ಆಗ ಅಂದಾಜು ಹೇಳಿತು. ನಮ್ಮ ದೇಶದಲ್ಲಿ, ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದೇ ಬಳಗ ನಡೆಸುತ್ತಿದ್ದ ಕಂಟೇನರ್ ಕಟ್ಟೆಯ ಕೆಲಸವೂ ಅಸ್ತವ್ಯಸ್ತವಾಯಿತು. ಎಲ್ಲೋ ಯಾವುದೋ ಮೇಜಿನ ಯಂತ್ರ ನೆನಪಿಟ್ಟುಕೊಂಡ ಒಂದು ಪದ, ಇಲ್ಲಿ ಬಂದರಿನಲ್ಲಿ ಸರಕು ನಿಂತುಹೋಗುವಂತೆ ಮಾಡಬಲ್ಲದು.

ತಲೆಯೊಳಗಿನ ಕೀಲಿಕೈ

ಹೊರಗಿನ ಸಂಸ್ಥೆಯ ಬಳಿ ಪೆಟ್ಟಿಗೆಯನ್ನಿಟ್ಟರೂ ಪ್ರಶ್ನೆ ಬದಲಾಗುವುದಿಲ್ಲ. ಪಾಸ್‌ವರ್ಡ್ ತಿಜೋರಿಗಳನ್ನು ನಡೆಸುವ ಲಾಸ್ಟ್‌ಪಾಸ್ ಸಂಸ್ಥೆಯಿಂದ 2022ರಲ್ಲಿ ಗ್ರಾಹಕರ ತಿಜೋರಿಗಳ ಪ್ರತಿಗಳೇ ಕಳುವಾದವು. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು ನಿಜ. ಆದರೆ ಕಳ್ಳ ಈಗ ತನ್ನ ಮನೆಯಲ್ಲಿ ಪುರುಸೊತ್ತಾಗಿ ಕುಳಿತು ಕೀಲಿಕೈಗಳನ್ನು ಒಂದೊಂದಾಗಿ ಊಹಿಸಬಲ್ಲ. ಮುಖ್ಯ ಪಾಸ್‌ವರ್ಡನ್ನು ಉದ್ದವಾಗಿ, ಬೇರೆಲ್ಲೂ ಬಳಸದಂತೆ ಇಟ್ಟುಕೊಂಡವರು ನೆಮ್ಮದಿಯಾಗಿರಬಹುದು. ಉಳಿದವರಿಗೆ ಮಾರಿಸ್ ಮತ್ತು ಥಾಂಪ್ಸನ್ 1979ರಲ್ಲಿ ಕೊಟ್ಟ ಎಚ್ಚರಿಕೆಯೇ ಅನ್ವಯ.

ಅಮೆರಿಕದ ಮಾನಕ ಸಂಸ್ಥೆ 2003ರಲ್ಲಿ ಕೊಟ್ಟ ಸಲಹೆಗಳು ಅಂಕಿ, ಚಿಹ್ನೆಗಳನ್ನು ಬೆರೆಸುವ, ಆಗಾಗ ಬದಲಿಸುವ ಪದ್ಧತಿಯನ್ನು ಲೋಕಕ್ಕೆಲ್ಲ ಹರಡಿದವು. ನೆನಪಿಡಲಾಗದ ಜನ ಅವನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದರು. 2017ರಲ್ಲಿ ಅದೇ ಸಂಸ್ಥೆ ಮಾತು ಬದಲಿಸಿತು. ಕಾರಣವಿಲ್ಲದೆ ಬದಲಿಸುವಂತೆ ಒತ್ತಾಯಿಸಬೇಡಿ, ಉದ್ದದ ಪಾಸ್‌ವರ್ಡುಗಳಿಗೆ ಅವಕಾಶ ಕೊಡಿ, ಪಾಸ್‌ವರ್ಡ್ ತಿಜೋರಿಗಳ ಬಳಕೆಗೆ ಅಡ್ಡಿ ಮಾಡಬೇಡಿ ಎಂದಿತು. ಮನುಷ್ಯನ ನೆನಪಿಗೂ ಒಂದು ಮಿತಿಯಿದೆ ಎಂಬುದನ್ನು ತಜ್ಞರು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು. ಕಾಸಿಮನ ಸಂಕಟ ಕೊನೆಗೂ ಲೆಕ್ಕಕ್ಕೆ ಬಂತು.

2022ರಲ್ಲಿ ಆಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 'ಪಾಸ್‌ಕೀ' ಎಂಬ ಹೊಸ ಪದ್ಧತಿಗೆ ಒಟ್ಟಾಗಿ ಬೆಂಬಲ ಘೋಷಿಸಿದವು. ಇದರಲ್ಲಿ ಜಾಲತಾಣದ ಬಳಿ ಗುಟ್ಟು ಇರುವುದೇ ಇಲ್ಲ. ನಮ್ಮ ಯಂತ್ರದ ಬಳಿ ಇರುವ ಗುಪ್ತ ಕೀಲಿಕೈಯ ಸಹಿಯನ್ನು ಪರೀಕ್ಷಿಸುವ ಸಾಧನ ಮಾತ್ರ ಇರುತ್ತದೆ. ದ್ವಾರಪಾಲಕನ ಸಮಸ್ಯೆ ಇದರಿಂದ ಬಹುಮಟ್ಟಿಗೆ ಬಗೆಹರಿಯುತ್ತದೆ. ಪಾರುಪತ್ಯಗಾರನದು ಬಗೆಹರಿಯುವುದಿಲ್ಲ. ಗುಪ್ತ ಕೀಲಿಕೈ ನಮ್ಮ ಮೇಜಿನ ಮೇಲೆ ಅಥವಾ ನಮ್ಮ ಜೇಬಿನಲ್ಲಿಯೇ ಇರುತ್ತದೆ. ಅದನ್ನು ಕಾಯುವ ಹೊಣೆಯೂ ನಮ್ಮದೇ.

ಆದ್ದರಿಂದ ಯಂತ್ರ ನೆನಪಿಟ್ಟುಕೊಳ್ಳಲೇ ಎಂದು ಕೇಳಿದಾಗ ಬೇಡ ಎನ್ನಬೇಕೆಂದೇನಿಲ್ಲ. ಎಲ್ಲ ಕಡೆಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ತಿಜೋರಿ ಮೇಲು. ಹೂಂ ಎನ್ನುವ ಮೊದಲು ಎರಡು ವಿಷಯ ತಿಳಿದಿರಬೇಕು. ಆ ತಿಜೋರಿಯ ಕೀಲಿಕೈ ನನ್ನ ತಲೆಯಲ್ಲಿದೆಯೇ, ಅಥವಾ ಅದೂ ಯಂತ್ರದಲ್ಲೇ ಇದೆಯೇ? ನಾನು ಕುರ್ಚಿ ಬಿಟ್ಟು ಎದ್ದಾಗ ತಿಜೋರಿ ಮುಚ್ಚಿಕೊಳ್ಳುತ್ತದೆಯೇ? ಮೊದಲನೆಯದಕ್ಕೆ ಉದ್ದವಾದ, ನೆನಪಿನಲ್ಲಿ ಉಳಿಯುವ ಒಂದು ವಾಕ್ಯ ಸಾಕು. ಮರೆತರೆಂಬ ಭಯವಿದ್ದವರು ಅದನ್ನು ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಬಹುದು. ದೂರದೇಶದಲ್ಲಿ ಕುಳಿತು ಜಾಲದ ಮೂಲಕ ಬರುವ ಕಳ್ಳನ ಕೈ ಬೀರುವಿನವರೆಗೆ ಬರುವುದಿಲ್ಲ. ಎರಡನೆಯದಕ್ಕೆ, ಏಳುವಾಗ ಪರದೆಗೆ ಬೀಗ ಹಾಕುವ ಅಭ್ಯಾಸ ಸಾಕು.

ಕಾರ್ಬಟೋ 2019ರಲ್ಲಿ ತೀರಿಕೊಂಡರು. ತಾವು ಆರಂಭಿಸಿದ ಈ ಪದ್ಧತಿ ಜನರಿಗೆ ತಲೆನೋವಾಗಿ ಬೆಳೆದುಬಿಟ್ಟಿದೆ ಎಂಬ ಮಾತನ್ನು ಅವರು ಕೊನೆಯ ವರ್ಷಗಳಲ್ಲಿ ಮರೆಮಾಚದೆ ಒಪ್ಪಿಕೊಂಡಿದ್ದರು. ಅವರ ಕಾಲದಲ್ಲಿ ಗುಟ್ಟುಗಳ ಪುಸ್ತಕವನ್ನು ಕಾಯಲು ಒಂದು ಸಂಸ್ಥೆಯೇ ಇತ್ತು. ಈಗ ಪ್ರತಿಯೊಬ್ಬರ ಮೇಜಿನ ಮೇಲೂ ಒಂದೊಂದು ಪುಸ್ತಕವಿದೆ. ಕೈಗೊಂಚಲು ಪ್ರತಿಯೊಬ್ಬರ ಸೆರಗಿಗೂ ಬಂದಿದೆ. ಅದನ್ನು ಎಲ್ಲೆಂದರಲ್ಲಿ ಇಟ್ಟು ಮರೆಯದಿರುವುದಷ್ಟೇ ನಮ್ಮ ಪಾಲಿನ ಕೆಲಸ.